ಅಕಿಹಬರದಲ್ಲಿ ಒಂದು ಹಳೆಯ ಆಟದ ಡಬ್ಬಿ

ಟೋಕಿಯೋದ ಅಕಿಹಬರ ರೈಲು ನಿಲ್ದಾಣದಲ್ಲಿ ‘ಎಲೆಕ್ಟ್ರಿಕ್ ಟೌನ್’ ಎಂಬ ಫಲಕವಿರುವ ದಾರಿ ಹಿಡಿದು ಹೊರಬಂದರೆ ಎತ್ತ ನೋಡಿದರೂ ದೀಪಗಳ ಜಾತ್ರೆ. ಎರಡನೆಯ ಮಹಾಯುದ್ಧದ ನಂತರ ರೇಡಿಯೋ ಬಿಡಿಭಾಗಗಳ ಕಾಳಸಂತೆಯಾಗಿ ಬೆಳೆದ ಪೇಟೆ ಇದು. ಈಗ ಹಳೆಯ ವಿಡಿಯೋ ಆಟಗಳನ್ನು ಹುಡುಕುವವರಿಗೆ ಇದೇ ಯಾತ್ರಾಸ್ಥಳ.

ಹತ್ತನೆಯ ತರಗತಿ ಪರೀಕ್ಷೆ ಮುಗಿಸಿದ್ದ ನನ್ನ ಮಗ, ಎರಡು ವರ್ಷ ಕೂಡಿಟ್ಟ ಹಬ್ಬದ ದುಡ್ಡನ್ನು ಯೆನ್ ಮಾಡಿಸಿ ಜೇಬಿನಲ್ಲಿಟ್ಟುಕೊಂಡಿದ್ದ. ಅವನಿಗೆ ಬೇಕಾದದ್ದು ‘ಗೇಮ್ ಬಾಯ್’. ಕ್ಯೋಟೋದ ನಿಂಟೆಂಡೋ ಕಂಪನಿ 1989ರ ಏಪ್ರಿಲ್ 21ರಂದು ಜಪಾನಿನಲ್ಲಿ ಬಿಡುಗಡೆ ಮಾಡಿದ ಕೈಯಲ್ಲಿ ಹಿಡಿದು ಆಡುವ ಯಂತ್ರ ಅದು.

“ಸಾವಿರಾರು ಆಟ ತುಂಬಿಸಿದ ಹೊಸ ಯಂತ್ರಗಳು ಇದಕ್ಕಿಂತ ಅಗ್ಗವಾಗಿ ಸಿಗುತ್ತವಲ್ಲೋ?” ಎಂದೆ.

“ಅವುಗಳಲ್ಲಿ ಬಹಳಷ್ಟು ಒಡೆಯರನ್ನು ಕೇಳದೆ ನಕಲು ಮಾಡಿದ ಆಟಗಳಮ್ಮ” ಎಂದ. ನಾನು ಸುಮ್ಮನಾದೆ.

ಮೊದಲು ಹೊಕ್ಕ ಅಂಗಡಿಯ ಬುಟ್ಟಿಯಲ್ಲಿ ಥಳಥಳಿಸುವ ಯಂತ್ರವೊಂದು ಅರ್ಧ ಬೆಲೆಗಿತ್ತು. ಮಗ ದುಡ್ಡು ತೆಗೆದೇಬಿಟ್ಟ. ಬುಟ್ಟಿಯ ಮೇಲೆ ‘ಜಂಕ್’ ಎಂದು ಬರೆದಿತ್ತು. ಅಂದರೆ ನಡೆಯುವ ಭರವಸೆ ಇಲ್ಲ, ವಾಪಸು ಪಡೆಯುವುದೂ ಇಲ್ಲ. ಹಿಂದಿನ ಮುಚ್ಚಳ ತೆಗೆದು ನೋಡಿದರೆ ಸೆಲ್ ಸೋರಿ ಹಸಿರು ಕಿಲುಬು ಕಟ್ಟಿತ್ತು. ದುಡ್ಡು ಮತ್ತೆ ಜೇಬು ಸೇರಿತು.

ಅಲ್ಲಿಂದ ಹಳೆಯ ಆಟಗಳಿಗೇ ಹೆಸರಾದ ‘ಸೂಪರ್ ಪೊಟ್ಯಾಟೊ’ಗೆ ಹೋದೆವು. ಗೋಡೆ ತುಂಬ ಕ್ಯಾಸೆಟ್‌ಗಳು. ಹೊರಕವಚ ಹಳದಿಗಟ್ಟಿದ್ದ ಒಂದು ಗೇಮ್ ಬಾಯ್ ಕೈಗೆ ಬಂತು. ಸೆಲ್ ಹಾಕಿ ಪರೀಕ್ಷಿಸಿದೆವು. ಪರದೆಯಲ್ಲಿ ಎಲ್ಲಿಯೂ ಗೆರೆ ಬಿಟ್ಟುಹೋಗಿರಲಿಲ್ಲ, ಗುಂಡಿಗಳು ಸಡಿಲವಾಗಿರಲಿಲ್ಲ, ಸದ್ದು ಸ್ಪಷ್ಟವಾಗಿತ್ತು. ಬಣ್ಣ ಮಾಸಿದರೇನು, ಯಂತ್ರ ಗಟ್ಟಿ. ಜೊತೆಗೆ ಭಾಷೆಯ ಹಂಗಿಲ್ಲದ ‘ಟೆಟ್ರಿಸ್’ ಆಟವನ್ನೂ ಕೊಂಡೆವು. ಅದು 1984ರಲ್ಲಿ ಮಾಸ್ಕೋದ ಅಲೆಕ್ಸಿ ಪಾಜಿಟ್ನೊವ್ ರಚಿಸಿದ ಆಟ.

ಈ ಯಂತ್ರದ ಹಿಂದಿನ ಎಂಜಿನಿಯರ್ ಗುನ್ಪೇ ಯೊಕೊಯಿ. ಹಳತಾಗಿ ಅಗ್ಗವಾದ ತಂತ್ರಜ್ಞಾನವನ್ನೇ ಹೊಸ ರೀತಿಯಲ್ಲಿ ಬಳಸಬೇಕು ಎಂಬುದು ಅವರ ನಂಬಿಕೆ. ಪರದೆಗೆ ಬಣ್ಣಗಳಿರಲಿಲ್ಲ, ಇದ್ದದ್ದು ನಾಲ್ಕೇ ಛಾಯೆ. ಆದರೆ ನಾಲ್ಕು ಪೆನ್ಸಿಲ್ ಸೆಲ್‌ಗಳಲ್ಲಿ ಹತ್ತು ಗಂಟೆಗೂ ಮೀರಿ ಓಡುತ್ತಿತ್ತು. 1990ರಲ್ಲಿ ಬಂದ ಸೆಗಾ ಕಂಪನಿಯ ‘ಗೇಮ್ ಗೇರ್’ಗೆ ಬಣ್ಣದ ಪರದೆಯಿತ್ತು, ಆರು ಸೆಲ್ ಬೇಕಿತ್ತು, ಅವೂ ಕೆಲವೇ ಗಂಟೆಗಳಲ್ಲಿ ಬರಿದಾಗುತ್ತಿದ್ದವು. ಗೆದ್ದದ್ದು ಗೇಮ್ ಬಾಯ್. 1998ರ ಬಣ್ಣದ ಮಾದರಿಯೂ ಸೇರಿ 11 ಕೋಟಿಗೂ ಹೆಚ್ಚು ಮಾರಾಟವಾಯಿತು. ಕೈಲಿರುವ ಸಾಧನ ಚಿಕ್ಕದೆಂದು ಕೊರಗುವ ವಿದ್ಯಾರ್ಥಿಗಳು ಯೊಕೊಯಿ ಅವರನ್ನು ನೆನೆಯಬೇಕು.

ಸಂಜೆ ಕಾಂಡಾ ನದಿಯ ಸೇತುವೆಯ ಬಳಿ ನಿಂತಿದ್ದೆವು. ಮಗ ಕತ್ತೆತ್ತದೆ ಆಡುತ್ತಿದ್ದ. ಇನ್ನು ಇವನನ್ನು ಓದಲು ಕೂರಿಸುವುದು ಹೇಗೆ ಎಂಬ ಚಿಂತೆ ನನಗೆ. ಅಷ್ಟರಲ್ಲಿ ಅವನೇ ಯಂತ್ರವನ್ನು ಆರಿಸಿ ಚೀಲಕ್ಕೆ ಹಾಕಿದ.

“ಯಾಕೋ, ಸಾಕಾಯಿತೇ?”

“ಇದರ ಪರದೆಗೆ ದೀಪವಿಲ್ಲಮ್ಮ. ಕತ್ತಲಾಯಿತು, ಏನೂ ಕಾಣಿಸುತ್ತಿಲ್ಲ.”

ಹೊತ್ತು ಮುಳುಗಿದರೆ ತಾನಾಗಿ ನಿಲ್ಲುವ ಆಟ! ಕೊಟ್ಟ ದುಡ್ಡು ಹೆಚ್ಚೆಂದು ನನಗೆ ಆಮೇಲೆ ಅನಿಸಲೇ ಇಲ್ಲ.