ಕ್ರಾಸ್ ಬಂತು, ಇಳೀರಿ

ಹೆಬ್ಬಾಳ ದಾಟಿ ದೇವನಹಳ್ಳಿ ಕಡೆ ಹೊರಟ ಬಸ್ಸಿನಲ್ಲಿ ಕಂಡಕ್ಟರ್ ಕೂಗುವ ಹೆಸರುಗಳನ್ನು ಕೇಳುತ್ತಾ ಕೂರುವುದು ನನಗೆ ಇಷ್ಟ. ಜಕ್ಕೂರು ಕ್ರಾಸ್, ಕೋಗಿಲು ಕ್ರಾಸ್, ಬಾಗಲೂರು ಕ್ರಾಸ್, ಬೆಟ್ಟಹಲಸೂರು ಕ್ರಾಸ್. ಆಮೇಲೆ ಬರುವ ಚಿಕ್ಕಜಾಲಕ್ಕೆ ಮಾತ್ರ ಈ ಬಾಲವಿಲ್ಲ. ಊರು ಬಳ್ಳಾರಿ ರಸ್ತೆಗೇ ಅಂಟಿಕೊಂಡಿದೆ, ಹಳೆಯ ಕಲ್ಲುಕೋಟೆಯೂ ರಸ್ತೆ ಬದಿಯಲ್ಲೇ ಇದೆ. ಚಿಕ್ಕಜಾಲದವರು ಬಸ್ಸಿಳಿದರೆ ಊರಿಗೇ ಇಳಿದ ಹಾಗೆ. ಬೆಟ್ಟಹಲಸೂರಿನವರ ಪಾಡು ಬೇರೆ.

“ಕ್ರಾಸ್ ಬಂತು, ಇಳೀರಿ ಅಜ್ಜಿ.”

“ಊರೆಲ್ಲಪ್ಪಾ?”

“ಊರು ಒಳಗೆ ಹೋಗ್ಬೇಕಜ್ಜಿ. ಇದು ಕ್ರಾಸು.”

ಇಂಗ್ಲಿಷಿನ ಈ ಪುಟ್ಟ ಪದ ನಮ್ಮಲ್ಲಿಗೆ ಬಂದು ಇಷ್ಟು ಕೆಲಸ ಹಿಡಿದಿರುವುದನ್ನು ನೋಡಿದರೆ ಅದರ ಮೇಲೆ ಅಕ್ಕರೆಯೇ ಹುಟ್ಟುತ್ತದೆ. ಮಲ್ಲೇಶ್ವರದಲ್ಲಿ ಕ್ರಾಸ್ ಅಂದರೆ ಮನೆಗಳಿರುವ ರಸ್ತೆ. ಜನ ಅಲ್ಲಿ ಕ್ರಾಸಿನಲ್ಲಿ ವಾಸ ಮಾಡುತ್ತಾರೆ. ಚಿಕ್ಕಜಾಲದ ಕಡೆ ಕ್ರಾಸಿನಲ್ಲಿ ಯಾರೂ ವಾಸ ಮಾಡುವುದಿಲ್ಲ, ಅಲ್ಲಿ ಇಳಿಯುತ್ತಾರೆ. ಹೆದ್ದಾರಿಯಿಂದ ಹಳ್ಳಿಯ ದಾರಿ ಕವಲೊಡೆಯುವ ಜಾಗ ಅದು. ಒಂದು ಆಲವೋ ಅರಳಿಯೋ, ಟೀ ಅಂಗಡಿ, ಪಂಕ್ಚರ್ ಅಂಗಡಿ, ನಾಲ್ಕು ಆಟೋ. ಅಷ್ಟಿದ್ದರೆ ಕ್ರಾಸ್ ಆಯಿತು.

ಪಟ್ಟಣದ ಕ್ರಾಸಿಗೆ ಚರಿತ್ರೆಯಿದೆ. 1892ರಲ್ಲಿ ಚಾಮರಾಜಪೇಟೆಯನ್ನು ಗೆರೆ ಎಳೆದು ಕಟ್ಟಿದರು. 1898ರಲ್ಲಿ ಪ್ಲೇಗು ಬಂದು ಪೇಟೆಯ ಇಕ್ಕಟ್ಟಿನ ಓಣಿಗಳಲ್ಲಿ ಜನ ಸಾಯತೊಡಗಿದಾಗ ಮಲ್ಲೇಶ್ವರ, ಬಸವನಗುಡಿಗಳು ಬೆಳೆದವು. ಗಾಳಿ ಬೆಳಕು ಬೇಕು ಅಂತ ಉದ್ದಕ್ಕೆ ಮೇನು, ಅಡ್ಡಕ್ಕೆ ಕ್ರಾಸು. ಪೇಟೆಯಲ್ಲಿ ಅಕ್ಕಿಪೇಟೆ, ಕುಂಬಾರಪೇಟೆ ಎಂದು ಕಸುಬಿನ ಹೆಸರಿತ್ತು. ಇಲ್ಲಿ ಬರೀ ಅಂಕಿ. ಆದರೂ ಜನ ಆ ಅಂಕಿಗಳಿಗೆ ಜೀವ ತುಂಬಿದರು. ಮಲ್ಲೇಶ್ವರದ 8ನೇ ಕ್ರಾಸ್ ಅಂದರೆ ಸಾಕು, ಗೌರಿಹಬ್ಬದ ಹಿಂದಿನ ಸಂಜೆಯ ಬಾಳೆಕಂದು, ಬಾಗಿನದ ಮೊರ, ಹೂವಿನ ರಾಶಿ ಎಲ್ಲ ಕಣ್ಣೆದುರು ಬಂದು ನಿಲ್ಲುತ್ತವೆ. ಎರಡು ಕ್ರಾಸ್‌ಗಳ ನಡುವೆ ಇನ್ನೊಂದು ರಸ್ತೆ ತೂರಿಕೊಂಡರೆ ಅದಕ್ಕೆ ‘ಎ ಕ್ರಾಸ್’ ಎನ್ನುತ್ತಾರೆ. ಹಾಗಾಗಿ ‘6ನೇ ಎ ಕ್ರಾಸ್’ ಹುಡುಕುವ ಹೊಸಬರಿಗೆ ಬೆಂಗಳೂರಿನಲ್ಲಿ ತಾಳ್ಮೆ ಬೇಕು.

ಹಳ್ಳಿ ಕಡೆಯ ಕ್ರಾಸಿಗೆ ಕರ್ನಾಟಕದ ತುಂಬ ಬಂಧುಗಳಿದ್ದಾರೆ. ಉತ್ತರಕ್ಕೆ ಹೋದರೆ ಕೂಡಲಸಂಗಮ ಕ್ರಾಸ್. ಎಚ್.ಡಿ. ಕೋಟೆಯಲ್ಲಿ, ಮೂಡಿಗೆರೆಯಲ್ಲಿ ಇಂಥ ಜಾಗಕ್ಕೆ ಹ್ಯಾಂಡ್‌ಪೋಸ್ಟ್ ಎನ್ನುತ್ತಾರೆ, ದಾರಿ ತೋರುವ ಕೈಮರದ ನೆನಪಿನಲ್ಲಿ. ದಕ್ಷಿಣ ಕನ್ನಡದವರು ಅದೇ ಕಂಬಕ್ಕೆ ಕನ್ನಡದ ಹೆಸರಿಟ್ಟು ಕೈಕಂಬ ಅಂದರು. ಗುರುಪುರ ಕೈಕಂಬ, ಬಿ.ಸಿ. ರೋಡ್ ಕೈಕಂಬ. ಎಷ್ಟು ಚೆಂದದ ಹೆಸರು! ನಮ್ಮ ಬಳ್ಳಾರಿ ರಸ್ತೆಯಲ್ಲಿ ಕ್ರಾಸಿಗೆ ಪೈಪೋಟಿ ಕೊಡುವುದು ಗೇಟ್: ಕೊಡಿಗೆಹಳ್ಳಿ ಗೇಟ್, ಅಲ್ಲಾಳಸಂದ್ರ ಗೇಟ್, ಚಿಕ್ಕಜಾಲ ದಾಟಿದರೆ ಸಾದಹಳ್ಳಿ ಗೇಟ್.

ಇನ್ನು ಹೊಲಕ್ಕೆ ಹೋಗೋಣ, ಅಲ್ಲಿ ಈ ಪದ ಬೇರೆಯೇ ವೇಷದಲ್ಲಿದೆ. ಚಿಕ್ಕಜಾಲದಿಂದ ಸ್ವಲ್ಪ ಮುಂದೆ ವಿಜಯಪುರ, ಶಿಡ್ಲಘಟ್ಟದ ಕಡೆ ಹಿಪ್ಪುನೇರಳೆ ಸೀಮೆ. ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಕೇಳಿಬರುವ ಮಾತು “ಸಿ.ಬಿ. ರೇಟ್ ಎಷ್ಟಣ್ಣ ಇವತ್ತು?” ಸಿ.ಬಿ. ಅಂದರೆ ಕ್ರಾಸ್ ಬ್ರೀಡ್. ತಾಯಿ ಮೈಸೂರು ತಳಿ, ತಂದೆ ಬೈವೋಲ್ಟೈನ್ ಎಂಬ ತಳಿ. ಮೈಸೂರು ತಳಿ ನಮ್ಮ ಬಿಸಿಲು, ರೋಗ ತಡೆಯುವ ಗಟ್ಟಿಗಿತ್ತಿ, ಆದರೆ ಗೂಡು ಸಣ್ಣದು, ನೂಲು ಕಡಿಮೆ. ಬೈವೋಲ್ಟೈನಿನ ಬಿಳಿ ಗೂಡಿನಲ್ಲಿ ಉದ್ದ ಎಳೆ ಸಿಗುತ್ತದೆ, ಸಾಕುವುದು ಮಾತ್ರ ಕಷ್ಟ. ಎರಡನ್ನೂ ಕೂಡಿಸಿದಾಗ ಹುಟ್ಟಿದ್ದು, ಹುಳು ಗೂಡು ಕಟ್ಟುವ ಚಂದ್ರಿಕೆಯ ತುಂಬ ಕಾಣುವ ಆ ಹಳದಿ ಗೂಡು. ಎಷ್ಟೋ ಮನೆಗಳ ಮದುವೆ, ಮಕ್ಕಳ ಫೀಜು, ಬೋರ್‌ವೆಲ್ ಸಾಲ ಎಲ್ಲ ಆ ಎರಡಕ್ಷರದ ಮೇಲೆ ನಿಂತಿವೆ.

ರಾಗಿಯದು ಇನ್ನೂ ದೊಡ್ಡ ಕಥೆ. ರಾಗಿಯ ಹೂವು ಕಣ್ಣಿಗೆ ಕಾಣದಷ್ಟು ಸಣ್ಣದು, ತನ್ನ ಪರಾಗಸ್ಪರ್ಶ ತಾನೇ ಮುಗಿಸಿಕೊಂಡುಬಿಡುತ್ತದೆ. ಅದನ್ನು ಕ್ರಾಸ್ ಮಾಡುವುದು ಆಗದ ಮಾತು ಅಂದುಕೊಂಡಿದ್ದ ಕಾಲದಲ್ಲಿ ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಕೂತು ಮಾಡಿ ತೋರಿಸಿದರು. ನಮ್ಮ ತಳಿಗೆ ಆಫ್ರಿಕಾದ ತಳಿ ಸೇರಿಸಿ, ಇಂಡಿಯಾ ಮತ್ತು ಆಫ್ರಿಕಾ ಎರಡರ ಹೆಸರೂ ಇರುವಂತೆ ‘ಇಂಡಾಫ್’ ಎಂದು ಕರೆದರು. ರಾಗಿ ಸಾವಿರಾರು ವರ್ಷಗಳ ಹಿಂದೆ ನಮ್ಮಲ್ಲಿಗೆ ಬಂದದ್ದೇ ಆಫ್ರಿಕಾದಿಂದ. ಅಲ್ಲಿಗೆ ಇದು ತವರಿನ ಸಂಬಂಧವೇ. ರೈತರು ಅವರನ್ನು ‘ರಾಗಿ ಲಕ್ಷ್ಮಣಯ್ಯ’ ಎಂದು ಕರೆದರಲ್ಲ, ಅದಕ್ಕಿಂತ ದೊಡ್ಡ ಬಿರುದು ನನಗೆ ಗೊತ್ತಿಲ್ಲ. ಹಸುವಿನ ವಿಷಯ ಎಲ್ಲರಿಗೂ ಗೊತ್ತಿದ್ದದ್ದೇ: ಕೊಟ್ಟಿಗೆಯಲ್ಲಿ ಕಟ್ಟಿರುವುದು ಜರ್ಸಿ ಕ್ರಾಸೋ ಎಚ್ಚೆಫ್ ಕ್ರಾಸೋ ಎಂಬುದರ ಮೇಲೆ ಡೈರಿಗೆ ಹಾಕುವ ಹಾಲಿನ ಲೆಕ್ಕ.

ಟೈಲರ್ ಅಂಗಡಿಯಲ್ಲಿ “ಕ್ರಾಸ್ ಕಟ್ ಮಾಡ್ಲಾ ಅಕ್ಕ, ಪ್ಲೇನ್ ಹೊಲೀಲಾ?” ಎಂದು ಕೇಳುತ್ತಾರೆ. ಬಟ್ಟೆಯನ್ನು ಓರೆಯಾಗಿ ಕತ್ತರಿಸಿದರೆ ಅದು ಕೊಂಚ ಎಳೆದಂತೆ ಹಿಗ್ಗಿ ಮೈಗೆ ಹೊಂದುತ್ತದೆ. ಕುತ್ತಿಗೆಯ ಅಂಚಿಗೆ ಕೊಡುವ ಪಟ್ಟಿಯೂ ಕ್ರಾಸ್ ಪೀಸೇ ಆಗಿರಬೇಕು, ನೇರ ಪಟ್ಟಿ ಕೊಟ್ಟರೆ ದುಂಡಗೆ ತಿರುಗದೆ ಸುಕ್ಕು ಬೀಳುತ್ತದೆ.

ಕೋರ್ಟಿನ ಹೊರಗೆ ಕಾಯುವವರಿಗೆ ಕ್ರಾಸ್ ಅಂದರೆ ಎದೆ ಡವಡವ. “ಚೀಫ್ ಮುಗೀತು, ಇವತ್ತು ಕ್ರಾಸು.” ಪಾಟೀ ಸವಾಲು ಎಂಬ ಗಟ್ಟಿ ಪದ ನಮ್ಮಲ್ಲಿದ್ದರೂ ಅದು ತೀರ್ಪಿನ ಕಾಗದದಲ್ಲೇ ಉಳಿಯಿತು. ಅಲ್ಲಿಂದಲೇ ಇರಬೇಕು, ಅಪ್ಪ ಮಗನಿಗೆ “ಕ್ರಾಸ್ ಕೊಶ್ಚನ್ ಹಾಕ್ಬೇಡ” ಎಂದು ಗದರುವುದು. ಬ್ಯಾಂಕಿನಲ್ಲಿ ಚೆಕ್ಕಿನ ಮೂಲೆಗೆ ಎರಡು ಗೀಟು ಎಳೆದರೆ ಕ್ರಾಸ್. ಆ ದುಡ್ಡು ಕೌಂಟರಿನಲ್ಲಿ ಕೈಗೆ ಸಿಗದು, ಖಾತೆಗೇ ಹೋಗಬೇಕು. ರಾಜಕೀಯದಲ್ಲಿ ಕ್ರಾಸ್ ವೋಟಿಂಗ್. 2024ರ ಫೆಬ್ರವರಿ 27ರ ರಾಜ್ಯಸಭಾ ಚುನಾವಣೆಯಲ್ಲಿ ಯಶವಂತಪುರದ ಬಿಜೆಪಿ ಶಾಸಕ ಎಸ್.ಟಿ. ಸೋಮಶೇಖರ್ ಕಾಂಗ್ರೆಸ್ಸಿಗೆ ಮತ ಹಾಕಿದಾಗ ಪತ್ರಿಕೆಗಳು ‘ಅಡ್ಡಮತದಾನ’ ಎಂದು ಬರೆದವು, ಬೆಂಚಿನ ಮೇಲೆ ಕೂತು ಪೇಪರ್ ಓದಿದವರು ‘ಕ್ರಾಸ್ ಹಾಕ್ಬಿಟ್ರು’ ಅಂದರು. ವಯಸ್ಸು ಅರವತ್ತು ಕ್ರಾಸ್ ಆಗುತ್ತದೆ, ಬೆಕ್ಕು ಕ್ರಾಸ್ ಆಗುತ್ತದೆ.

ಇಷ್ಟೆಲ್ಲ ಅರ್ಥ ತೆಗೆದುಕೊಂಡ ಕನ್ನಡ, ಆ ಪದದ ಮೂಲದಲ್ಲೇ ಇರುವ ಒಂದನ್ನು ಮಾತ್ರ ತೆಗೆದುಕೊಳ್ಳಲಿಲ್ಲ. ಕನ್ನಡ ಕ್ರೈಸ್ತರಿಗೆ ಯೇಸುವನ್ನು ಏರಿಸಿದ್ದು ಶಿಲುಬೆ. ಮಂಗಳೂರಿನ ಕೊಂಕಣಿ ಮನೆಗಳಲ್ಲಿ ಖುರಿಸ್. ಭಕ್ತಿಯ ಪದ ಮೊದಲೇ ಮನೆಯೊಳಗಿತ್ತು, ಕ್ರಾಸ್ ಬೀದಿಯಲ್ಲೇ ಉಳಿಯಿತು. ತಪ್ಪು ಉತ್ತರಕ್ಕೆ ಮೇಷ್ಟ್ರು ಹಾಕುವ ಗುರುತನ್ನೂ ನಮ್ಮ ಮಕ್ಕಳು ಕ್ರಾಸ್ ಎನ್ನುವುದಿಲ್ಲ, ಇಂಟು ಎನ್ನುತ್ತಾರೆ.

ರಸ್ತೆ ಕ್ರಾಸ್ ಮಾಡುವ ಮಾತು ಬಂದಾಗ ಮಾತ್ರ ನನಗೆ ಸಂಕಟವಾಗುತ್ತದೆ. 2008ರ ಮೇ 24ಕ್ಕೆ ವಿಮಾನ ನಿಲ್ದಾಣ ಶುರುವಾದ ಮೇಲೆ ಈ ರಸ್ತೆ ಅಗಲವಾಯಿತು, ವೇಗವಾಯಿತು. ಆಚೆ ಹೊಲ, ಈಚೆ ಮನೆ ಇದ್ದವರು ಹುಲ್ಲಿನ ಹೊರೆ ಹೊತ್ತು ದಾಟುತ್ತಿದ್ದ ದಾರಿಯಲ್ಲಿ ಈಗ ಫ್ಲೈಟಿಗೆ ತಡವಾದ ಕಾರುಗಳು ನುಗ್ಗುತ್ತವೆ. ಕಾಲ್ನಡಿಗೆಯವರಿಗೆ ಸ್ಕೈವಾಕಿನ ಮೆಟ್ಟಿಲು ಹತ್ತಿ ಅಂದರೆ ಮಂಡಿ ನೋವಿನವರು ಏನು ಮಾಡಬೇಕು? ಹಳ್ಳಿಯ ದಾರಿ ಹೆದ್ದಾರಿಗೆ ಸೇರುವ ಪ್ರತಿ ಕ್ರಾಸಿನಲ್ಲೂ ನೆಲದ ಮಟ್ಟದಲ್ಲಿ, ಇಲ್ಲವೇ ಲಿಫ್ಟ್ ಇಟ್ಟು, ಜನ ದಾಟುವುದಕ್ಕೆ ಅನುವು ಮಾಡಿಕೊಡುವುದು ರಸ್ತೆ ಮಾಡಿದವರ ಹೊಣೆ.

ಈಗ ಇದೇ ದಾರಿಯಲ್ಲಿ ಮೆಟ್ರೊದ ನೀಲಿ ಮಾರ್ಗ ಬರುತ್ತಿದೆ. ನಿಲ್ದಾಣಗಳ ಪಟ್ಟಿಯಲ್ಲಿ ಜಕ್ಕೂರು ಕ್ರಾಸ್, ಬಾಗಲೂರು ಕ್ರಾಸ್ ಎಂದೇ ಇರುವುದು ನೋಡಿ ಖುಷಿಯಾಯಿತು. ಬೋರ್ಡು ಬರೆಯುವಾಗ ಯಾರಾದರೂ ಶುದ್ಧಗೊಳಿಸುವ ಉತ್ಸಾಹದಲ್ಲಿ ‘ಬಾಗಲೂರು ಅಡ್ಡರಸ್ತೆ’ ಎಂದು ಮಾಡದಿರಲಿ. ಅಡ್ಡರಸ್ತೆ ಅಂದರೆ ಮಲ್ಲೇಶ್ವರದ ಕ್ರಾಸ್, ಮನೆಗಳ ಸಾಲು. ಬಾಗಲೂರಿಗೆ ಹೋಗುವವರು ಇಳಿದು, ಮುಂದಿನ ಬಸ್ಸಿಗೆ ಕಾಯುವ ಜಾಗದ ಹೆಸರು ಕ್ರಾಸ್. ಕನ್ನಡದ್ದೇ ಬೇಕು ಅನ್ನುವುದಾದರೆ ಕರಾವಳಿಯವರನ್ನು ಕೇಳಿ ಬಾಗಲೂರು ಕೈಕಂಬ ಎಂದು ಬರೆಯಲಿ, ನಾನು ಮೊದಲ ದಿನವೇ ಹೋಗಿ ಅಲ್ಲಿ ಇಳಿಯುತ್ತೇನೆ.