ಓದದೆ ಬಿಟ್ಟ ಸಾಲು

ದೋಷ ಎಲ್ಲಿದೆ ಎಂದು ಹುಡುಕುವುದಕ್ಕಿಂತ ದೋಷ ಯಾರದು ಎಂದು ಹುಡುಕುವುದು ಮನುಷ್ಯನಿಗೆ ಸುಲಭ. ಉಪಕರಣಗಳು ಎಷ್ಟು ನವೀನವಾದರೂ ಈ ಸ್ವಭಾವ ಮಾತ್ರ ಹಳೆಯದೇ. ಹುಬ್ಬಳ್ಳಿಯ ಪುಟ್ಟ ಅನಿಮೇಷನ್ ಸ್ಟುಡಿಯೋ ಒಂದರಲ್ಲಿ ದುಡಿಯುತ್ತಿದ್ದ ತರುಣನೊಬ್ಬನಿಗೆ ಇದರ ಅರಿವಾದದ್ದು ಒಂದು ರಾತ್ರಿ, ತೆರೆಯ ಮೇಲೆ ಬಾರದೆ ಹೋದ ಮೋಡವೊಂದರ ನಿಮಿತ್ತದಿಂದ.

ಶಾಲಾ ಮಕ್ಕಳಿಗೆ ಜಲಚಕ್ರವನ್ನು ತಿಳಿಸುವ ಎರಡು ನಿಮಿಷಗಳ ಚಿತ್ರವದು. ಕೆರೆ, ಗುಡ್ಡ, ಸೂರ್ಯ, ಮೋಡ, ಮಳೆ ಇವೆಲ್ಲವನ್ನೂ ತರುಣಿಯೊಬ್ಬಳು ಹದಿನೈದು ದಿನ ಕುಳಿತು ಇಲಸ್ಟ್ರೇಟರ್ ಎಂಬ ತಂತ್ರಾಂಶದಲ್ಲಿ ಬರೆದಿದ್ದಳು. ಆಫ್ಟರ್ ಎಫೆಕ್ಟ್ಸ್ ಎಂಬ ಇನ್ನೊಂದು ತಂತ್ರಾಂಶದಲ್ಲಿ ಅವಕ್ಕೆ ಚಲನೆ ಕೊಡುವುದು ತರುಣನ ಪಾಲಿನ ಕೆಲಸ. ಮರುದಿನ ಚಿತ್ರವನ್ನು ಒಪ್ಪಿಸಬೇಕಾಗಿತ್ತು.

ಚಿತ್ರವನ್ನು ಪದರ ಪದರವಾಗಿ ಕಟ್ಟುವ ಕಲ್ಪನೆ ಹೊಸದಲ್ಲ. ಗಣಕಯಂತ್ರ ಬರುವ ಮುನ್ನ ಪಾರದರ್ಶಕವಾದ ಸೆಲ್ಯುಲಾಯ್ಡ್ ಹಾಳೆಗಳ ಮೇಲೆ ಚಿತ್ರ ಬರೆದು, ಒಂದರ ಮೇಲೊಂದನ್ನಿರಿಸಿ, ಬೇಕಾದ ಹಾಳೆಯನ್ನಷ್ಟೇ ಬದಲಿಸಿ ಛಾಯಾಗ್ರಹಣ ಮಾಡುತ್ತಿದ್ದರು. ವಾಲ್ಟ್ ಡಿಸ್ನಿಯ ಸಂಸ್ಥೆ 1937ರಲ್ಲಿ ‘ದಿ ಓಲ್ಡ್ ಮಿಲ್’ ಎಂಬ ಕಿರುಚಿತ್ರದಲ್ಲಿ ಇಂಥ ಪದರಗಳನ್ನು ಬೇರೆ ಬೇರೆ ಅಂತರದಲ್ಲಿ ನಿಲ್ಲಿಸಿ ಆಳದ ಭಾಸವನ್ನು ಉಂಟುಮಾಡಿತು. ಅಂದು ಹಾಳೆಯನ್ನು ಕೈಯಿಂದ ಕೈಗೆ ದಾಟಿಸಿದರೆ ಚಿತ್ರ ಕಣ್ಣಿಗೆ ಕಾಣುತ್ತಿತ್ತು. ಇಂದಿನ ವೆಕ್ಟರ್ ಚಿತ್ರ ಹಾಗಲ್ಲ. ಅದು ಬಣ್ಣದ ಚುಕ್ಕೆಗಳ ರಾಶಿಯಲ್ಲ. ಇಂತಿಂಥ ಬಿಂದುಗಳ ನಡುವೆ ಇಂಥ ವಕ್ರರೇಖೆಯನ್ನು ಎಳೆಯಬೇಕೆಂಬ ಗಣಿತದ ಸೂಚನೆ. ಆ ಸೂಚನೆಯನ್ನು ಓದಬಲ್ಲವನ ಮುಂದೆ ಮಾತ್ರ ಚಿತ್ರ ಮೂಡುತ್ತದೆ.

ಆ ರಾತ್ರಿ ತರುಣ ಫೈಲನ್ನು ತಂದು ತೆರೆದಾಗ ಕೆರೆಯೂ ಇಲ್ಲ, ಗುಡ್ಡವೂ ಇಲ್ಲ. ಬಿಳಿಯ ಹಾಳೆಯ ಮೇಲೆ ಇಂಗ್ಲಿಷಿನ ಕೆಲವು ಸಾಲುಗಳಷ್ಟೇ ಇದ್ದವು. ಅವನ್ನು ಯಂತ್ರದ ಬಡಬಡಿಕೆಯೆಂದು ಬಗೆದು ಅವನು ಬದಿಗೊತ್ತಿದ. ಮುದ್ರಣಕ್ಕೆ ಸಲ್ಲುವ ಬಣ್ಣದ ಪದ್ಧತಿಯನ್ನು ತೆರೆಗೆ ಒಪ್ಪುವ ಆರ್‌ಜಿಬಿಗೆ ಬದಲಿಸಿದ. ಪದರಗಳನ್ನು ಮುಚ್ಚಿ ತೆರೆದ. ಯಂತ್ರವನ್ನೇ ಆರಿಸಿ ಹೊತ್ತಿಸಿದ. ಒಂದೇ ಉಸಿರಿಗೆ ಹತ್ತು ಬದಲಾವಣೆ ಮಾಡಿದ್ದರಿಂದ ಯಾವುದರಿಂದ ಏನಾಯಿತೆಂಬುದೂ ತಿಳಿಯದಾಯಿತು. ಕೊನೆಗೆ ಸಿಟ್ಟಿನಿಂದ ಚಿತ್ರ ಬರೆದವಳಿಗೆ, ‘ನಿನ್ನ ಚಿತ್ರವೇ ಕೆಟ್ಟಿದೆ, ಇಷ್ಟು ದಿನ ಏನು ಮಾಡಿದೆ?’ ಎಂದು ಫೋನಿನಲ್ಲಿ ಬರೆದು ಕಳಿಸಿದ. ಉತ್ತರ ಕೂಡಲೇ ಬಂತು: “ತಪ್ಪಾತ್ರಿ ಸರ. ಮುಂಜಾನೆಯೊಳಗ ಮತ್ತ ಬರದು ಕೊಡ್ತೀನ್ರಿ.”

ಪಕ್ಕದಲ್ಲಿ ಸಂಕಲನದ ಕೆಲಸ ಮಾಡುತ್ತಿದ್ದ ಹಿರಿಯರು ಆಗ ಎದ್ದು ಬಂದರು. ತೆರೆಯನ್ನು ಕ್ಷಣಕಾಲ ನೋಡಿ, “ತಮ್ಮಾ, ಈ ಹಾಳಿ ಮ್ಯಾಲ ಏನೋ ಬರದೈತಲ್ಲ, ಅದನ್ನ ಓದಿದೇನು?” ಎಂದರು. ಪ್ರಶ್ನೆಯನ್ನು ಎರಡು ಸಲ ಓದಿ ಉತ್ತರ ಬರೆಯಬೇಕೆಂದು ಬಾಲ್ಯದಲ್ಲಿ ಗುರುಗಳು ಹೇಳಿದ್ದ ಮಾತು ತರುಣನಿಗೆ ನೆನಪಾಯಿತು. ಅವನು ಓದಿದ. ಈ ಫೈಲನ್ನು ಪಿಡಿಎಫ್ ಅಂಶವಿಲ್ಲದೆ ಉಳಿಸಲಾಗಿದೆ, ಬೇರೆ ತಂತ್ರಾಂಶದಲ್ಲಿ ಬಳಸಬೇಕಾದರೆ ಮತ್ತೊಮ್ಮೆ ಉಳಿಸಬೇಕು ಎಂಬುದೇ ಆ ಸಾಲುಗಳ ತಾತ್ಪರ್ಯವಾಗಿತ್ತು.

ಇಲಸ್ಟ್ರೇಟರಿನ ಫೈಲಿನಲ್ಲಿ ಸಾಮಾನ್ಯವಾಗಿ ಚಿತ್ರದ ಎರಡು ರೂಪಗಳಿರುತ್ತವೆ. ಒಂದು ಆ ತಂತ್ರಾಂಶ ತಾನೇ ಓದಿಕೊಳ್ಳುವಂಥದು. ಇನ್ನೊಂದು ಪರರೂ ಓದಬಲ್ಲ ಪಿಡಿಎಫ್ ರೂಪ. ಉಳಿಸುವಾಗ ‘ಕ್ರಿಯೇಟ್ ಪಿಡಿಎಫ್ ಕಂಪ್ಯಾಟಿಬಲ್ ಫೈಲ್’ ಎಂಬ ಚೌಕದಲ್ಲಿನ ಗುರುತನ್ನು ತೆಗೆದರೆ ಎರಡನೆಯ ರೂಪ ಸೇರುವುದಿಲ್ಲ. ಫೈಲು ಹಗುರವಾಗುತ್ತದೆ, ಬೇಗ ಉಳಿಯುತ್ತದೆ. ಆದರೆ ಆಫ್ಟರ್ ಎಫೆಕ್ಟ್ಸ್‌ಗೆ ಒಳಗಿನ ಚಿತ್ರ ಕಾಣದು. ತರುಣ ಫೈಲನ್ನು ಇಲಸ್ಟ್ರೇಟರಿನಲ್ಲಿ ತೆರೆದು, ಗುರುತು ಹಾಕಿ ಉಳಿಸಿದ. ಕೆರೆ, ಗುಡ್ಡ, ಮೋಡ ಎಲ್ಲವೂ ತೆರೆಗೆ ಬಂದವು.

ಆದರೂ ಮೋಡ ಕದಲಲಿಲ್ಲ. ಇನ್ನು ಮುಂದೆ ಅವನು ಒಂದು ಸಲಕ್ಕೆ ಒಂದನ್ನೇ ಪರೀಕ್ಷಿಸಿದ. ಮೇಲ್ಮಟ್ಟದ ಪದರಗಳನ್ನು ಮಾತ್ರ ಆಫ್ಟರ್ ಎಫೆಕ್ಟ್ಸ್ ಬೇರೆ ಬೇರೆಯಾಗಿ ಎಣಿಸುತ್ತದೆ. ಇಲ್ಲಿ ಎಲ್ಲವೂ ಒಂದೇ ಪದರದ ಒಳಗಿನ ಗುಂಪುಗಳಾಗಿದ್ದವು. ‘ರಿಲೀಸ್ ಟು ಲೇಯರ್ಸ್’ ಎಂಬ ಆಜ್ಞೆಯಿಂದ ಅವನ್ನು ಬಿಡಿಸಿ, ಹೊರಗೆಳೆದು, ಹೆಸರಿಟ್ಟು ಉಳಿಸಿದ. ಹೊಸ ಪದರಗಳು ಹಳೆಯ ಜೋಡಣೆಯಲ್ಲಿ ತಾವಾಗಿ ಸೇರುವುದಿಲ್ಲವಾದ್ದರಿಂದ ಫೈಲನ್ನು ಹೊಸದಾಗಿ, ‘ಕಾಂಪೊಸಿಷನ್’ ರೂಪದಲ್ಲಿ ತಂದ. ಮೋಡ ಕದಲಿತು. ಹತ್ತಿರ ತಂದು ಹಿಗ್ಗಿಸಿದಾಗ ಅಂಚು ಮಸುಕಾಯಿತು. ಸೂರ್ಯನಾಕಾರದ ಸಣ್ಣ ಗುಂಡಿಯನ್ನು ಒತ್ತಿದೊಡನೆ ರೇಖೆಗಳನ್ನು ಆ ಗಾತ್ರಕ್ಕೆ ಹೊಸದಾಗಿ ಲೆಕ್ಕ ಹಾಕಿ ಯಂತ್ರ ಅಂಚನ್ನು ತಿದ್ದಿತು.

ಆಗ ಮಧ್ಯರಾತ್ರಿ ಕಳೆದಿತ್ತು. ತರುಣ ಫೋನು ಮಾಡಿದ. ಅವಳು ಗುಡ್ಡವನ್ನು ಮುಗಿಸಿ ಕೆರೆಯನ್ನು ಅರ್ಧಕ್ಕೆ ತಂದಿದ್ದಳು. ತನ್ನ ಹಳೆಯ ಯಂತ್ರಕ್ಕೆ ಭಾರವಾಗದಿರಲೆಂದು ಆ ಗುರುತನ್ನು ತೆಗೆದಿದ್ದಳಂತೆ. ಚಿತ್ರ ಯಾವ ರೂಪದಲ್ಲಿ ಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾಗಿದ್ದವನು ತಾನೇ ಎಂಬುದು ತರುಣನಿಗೆ ಆಗ ಹೊಳೆಯಿತು. ಅವನು ತಪ್ಪೊಪ್ಪಿಕೊಂಡು, “ಇನ್ನ ಮಲಕ್ಕೋ ತಂಗೀ, ಚಿತ್ರ ಛಲೋ ಐತಿ” ಎಂದ.

ಮರುದಿನ ಸ್ಟುಡಿಯೋದ ಗೋಡೆಯ ಮೇಲೆ ಒಂದು ಕಾಗದ ಕಾಣಿಸಿಕೊಂಡಿತು. ಪಿಡಿಎಫ್ ಗುರುತು ಇರಲಿ, ಬಣ್ಣ ಆರ್‌ಜಿಬಿ ಇರಲಿ, ಕದಲುವ ಪ್ರತಿಯೊಂದಕ್ಕೂ ಅದರದೇ ಪದರವಿರಲಿ, ಮೂಲಪ್ರತಿ ಜೋಪಾನವಾಗಿರಲಿ. ಇವುಗಳ ಕೆಳಗೆ ಐದನೆಯ ಸಾಲೊಂದಿತ್ತು: ತೆರೆಯ ಮೇಲೆ ಬರೆದದ್ದನ್ನು ಮೊದಲು ಓದು, ಫೋನನ್ನು ಆಮೇಲೆ ಎತ್ತಿಕೋ.