ಮಂತ್ರದ ಗಿಡಗಳನ್ನರಸಿ ಕಮಲಾಪುರಕ್ಕೆ

ಕಲಬುರಗಿಯ ವೈಶಾಖದ ಬಿಸಿಲನ್ನು ಕಂಡವರಿಗೆ ಅದನ್ನು ವರ್ಣಿಸಬೇಕಾದುದಿಲ್ಲ. ಕಾಣದವರಿಗೆ ವರ್ಣಿಸಿದರೆ ಅವರು ನಂಬುವುದಿಲ್ಲ. ಅಂಥದೊಂದು ಸಂಜೆ, ಇನ್ನೂ ಕಾದ ಹಂಚಿನಂತಿದ್ದ ನಮ್ಮ ಮಾಳಿಗೆಯ ಮೇಲೆ ನಿಂತು, ಈ ವರ್ಷ ನಮ್ಮಲ್ಲಿಯೇ ಇದ್ದು ಓದಲು ಬಂದಿರುವ ಅಕ್ಕನ ಮಗಳು, "ಮಾಮಾ, ಇಲ್ಲೊಂದು ತೋಟ ಮಾಡೋಣ" ಎಂದಳು. ತೋಟವೆಂದರೆ ಬದನೆ ಬೆಂಡೆಗಳದಲ್ಲ. ಅವಳ ಕೈಯಲ್ಲಿದ್ದ ಪಟ್ಟಿಯಲ್ಲಿ ರೋಸ್‌ಮೆರಿ, ಸೇಜ್, ಲ್ಯಾವೆಂಡರ್, ಥೈಮ್, ಮಗ್‌ವರ್ಟ್ ಎಂಬ ಐದು ಹೆಸರುಗಳಿದ್ದವು. ಒಂದೊಂದರ ಮುಂದೆಯೂ ರಕ್ಷಣೆ, ಶುದ್ಧಿ, ಶಾಂತಿ, ಧೈರ್ಯ, ಕನಸು ಎಂದು ಅದರದರ ಪ್ರಯೋಜನ.

"ಇದು ವಿಕ್ಕಾದವರ ತೋಟ. ನಾನೀಗ ಅರ್ಧ ಮಾಟಗಾತಿ" ಎಂದು ನಕ್ಕಳು. ನಾನೂ ನಕ್ಕೆ.

ವಿಕ್ಕಾ ಎಂಬುದು ಈಚಿನ ಮತ. ಇಂಗ್ಲೆಂಡಿನಲ್ಲಿ 1735ರಿಂದ ಇದ್ದ ಮಾಟಗಾರಿಕೆಯ ಕಾಯಿದೆ 1951ರಲ್ಲಿ ರದ್ದಾಯಿತು. 1954ರಲ್ಲಿ ಜೆರಾಲ್ಡ್ ಗಾರ್ಡ್ನರ್ ಎಂಬಾತನು ಪುಸ್ತಕವೊಂದನ್ನು ಬರೆದು ಆ ಪಂಥವನ್ನು ಬೆಳಕಿಗೆ ತಂದನು. ಅದರ ಅನುಯಾಯಿಗಳು ದೇವನೊಡನೆ ದೇವಿಯನ್ನೂ ಪೂಜಿಸುತ್ತಾರೆ; ಋತುಚಕ್ರವನ್ನು ಎಂಟು ಹಬ್ಬಗಳಲ್ಲಿ ಎಣಿಸುತ್ತಾರೆ; ಮೂಲಿಕೆಗಳನ್ನು ಬೆಳೆಸುತ್ತಾರೆ; ಯಾರಿಗೂ ಕೇಡು ಬಗೆಯಬಾರದೆಂಬುದು ಅವರ ಮುಖ್ಯ ನಿಯಮ. ಎಳ್ಳಮಾವಾಸ್ಯೆಯಂದು ಹೊಲಕ್ಕೆ ಹೋಗಿ, ಭೂತಾಯಿಗೆ ಚರಗ ಚೆಲ್ಲಿ, ಭಜ್ಜಿ ಸಜ್ಜೆರೊಟ್ಟಿ ಉಂಡು ಬರುವ ನಮ್ಮ ಸೀಮೆಯವರಿಗೆ ಇದರಲ್ಲಿ ಬೆರಗಾಗುವಂಥದು ಹೆಚ್ಚೇನೂ ಇಲ್ಲ. ನನ್ನ ಆಕ್ಷೇಪವಿದ್ದುದು ಗಿಡಗಳ ಬಗೆಗೆ. ರೋಸ್‌ಮೆರಿ, ಲ್ಯಾವೆಂಡರ್, ಥೈಮ್‌ಗಳು ಮೆಡಿಟರೇನಿಯನ್ ಕಡಲ ದಂಡೆಯ ಮಕ್ಕಳು. ನೀರು ನಿಲ್ಲದ ಕಲ್ಲುನೆಲ ಬೇಡುವಂಥವು. ನಮ್ಮದು ಎರೆಭೂಮಿ. ಮಳೆಗಾಲದಲ್ಲಿ ಕಾಲಿಟ್ಟರೆ ಹೂಳುತ್ತದೆ, ಬೇಸಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಮೇಲೆ 40 ಡಿಗ್ರಿ ದಾಟಿದ ಬಿಸಿಲು. ಲ್ಯಾವೆಂಡರ್ ಪಾಪ, ಯಾವ ತಪ್ಪಿಗಾಗಿ ಈ ಶಿಕ್ಷೆ ಅನುಭವಿಸಬೇಕು?

"ಹಾಗಾದರೆ ಇಲ್ಲಿ ಏನು ಬೆಳೆಯುತ್ತದೆ?" ಎಂದಳು. ಹಳಗನ್ನಡ ಪಾಠ ಹೇಳುವ ನನ್ನಿಂದ ಉತ್ತರಿಸಲಾಗದ ಪ್ರಶ್ನೆ ಅದು. ಉತ್ತರ ಬಲ್ಲವರು ಕಮಲಾಪುರದಲ್ಲಿರುವ ನನ್ನ ಸೋದರತ್ತೆ. ಮುಂದಿನ ಭಾನುವಾರ ಬೆಳಗ್ಗೆಯೇ ಹುಮನಾಬಾದಿನ ಬಸ್ಸು ಹಿಡಿದೆವು.

ಕಮಲಾಪುರ ಕಲಬುರಗಿಯಿಂದ ಸುಮಾರು 35 ಕಿಲೋಮೀಟರು. ಮಹಾಗಾಂವ್ ದಾಟುವವರೆಗೆ ತೊಗರಿ ಕೊಯ್ದು ಬರಿದಾದ ಹೊಲಗಳು, ಅಲ್ಲೊಂದು ಇಲ್ಲೊಂದು ಬೇವು, ಬನ್ನಿ. ಆಮೇಲೆ ನೆಲ ಏರಿಳಿಯತೊಡಗುತ್ತದೆ; ಬೀದರದ ಕೆಂಪುಕಲ್ಲಿನ ಪ್ರಸ್ಥಭೂಮಿ ಸಮೀಪಿಸುತ್ತಿರುವ ಸೂಚನೆ ಅದು. ಕಮಲಾಪುರವೆಂದೊಡನೆ ನೆನಪಾಗುವುದು ಕೆಂಬಾಳೆ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಹಣ್ಣು. ಗೊನೆ ಕೈಗೆ ಬರಲು ಒಂದೂವರೆ ವರ್ಷ ಬೇಕು, ಬೆಲೆಯೂ ಆ ಕಾಯುವಿಕೆಗೆ ತಕ್ಕಂತೆಯೇ. ಬರಿಗೈಯಲ್ಲಿ ಅತ್ತೆಯ ಮನೆಗೆ ಹೋಗಬಾರದೆಂದು ಅರ್ಧ ಡಜನ್ ಕೊಂಡೆವು. ಅವಳ ಊರಿನ ಹಣ್ಣನ್ನು ಅವಳಿಗೇ ಒಯ್ಯುವ ಜಾಣತನಕ್ಕೆ ಆಮೇಲೆ ಬೈಸಿಕೊಂಡದ್ದೂ ಆಯಿತು.

ಅತ್ತೆಯ ಹಿತ್ತಲು ಹತ್ತು ಮಾರು ಉದ್ದ, ಆರು ಮಾರು ಅಗಲ. ಆದರೆ ಅಲ್ಲಿ ಕಾರಣವಿಲ್ಲದೆ ಬೆಳೆದ ಗಿಡ ಒಂದೂ ಇಲ್ಲ. ಬಾಗಿಲ ಚೌಕಟ್ಟಿಗೆ ಲೋಳೆಸರವನ್ನು ಬೇರುಸಹಿತ ತಲೆಕೆಳಗಾಗಿ ಕಟ್ಟಿದ್ದಳು, ದೃಷ್ಟಿ ತಾಗದಿರಲೆಂದು. ನೀರಿಲ್ಲದೆಯೂ ತಿಂಗಳುಗಟ್ಟಲೆ ಹಸಿರಾಗಿರುವ ಆ ಗಿಡದ ಗುಟ್ಟು ಅದರ ದಪ್ಪ ಎಲೆಯಲ್ಲಿ ಕೂಡಿಟ್ಟ ನೀರು. ಅಂಗಳದಲ್ಲಿ ತುಳಸಿ. ಬಚ್ಚಲ ನೀರು ಹರಿಯುವಲ್ಲಿ ಲಕ್ಕಿಯ ಪೊದೆ: ಬಾಣಂತಿಯ ನೀರಿಗೆ ಅದರ ಎಲೆ, ಜೋಳದ ಹಗೇವಿಗೆ ಹುಳು ಹತ್ತದಂತೆ ಒಣಗಿದ ಎಲೆ, ಸೊಳ್ಳೆಗೆ ಅದರ ಹೊಗೆ. ಪಟ್ಟಿಯಲ್ಲಿದ್ದ 'ರಕ್ಷಣೆ' ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಅರ್ಥ ನನಗೆ ಹೊಳೆಯದು. ನುಗ್ಗೆಯ ನೆರಳಿನಲ್ಲಿ ದೊಡ್ಡಪತ್ರೆ. ಹುಡುಗಿ ಎಲೆಯೊಂದನ್ನು ಹಿಸುಕಿ ಮೂಸಿ, "ಇದು ಥೈಮ್!" ಎಂದು ಕೂಗಿದಳು. ಅವಳು ಹೇಳಿದ್ದು ಪೂರಾ ತಪ್ಪಲ್ಲ. ಥೈಮಿನ ಘಮಕ್ಕೆ ಕಾರಣವಾದ ತೈಲಾಂಶಗಳೇ ದೊಡ್ಡಪತ್ರೆಯಲ್ಲಿಯೂ ಇವೆ. ಹಾಗೆಯೇ ಆ ಕನಸಿನ ಗಿಡ ಮಗ್‌ವರ್ಟ್ ನಮ್ಮ ದವನದ ಸಮೀಪದ ನಂಟ, ಎರಡೂ ಆರ್ಟಿಮೀಸಿಯ ಕುಲದವು. ದವನಕ್ಕೆ ಮಾತ್ರ ಚಳಿ ಬೇಕು. ದೀಪಾವಳಿ ಕಳೆದ ಮೇಲೆ ಬಿತ್ತಿದರೆ ಬಿಸಿಲು ಬಲಿಯುವ ಮೊದಲೇ ಕೈಗೆ ಬರುತ್ತದೆ.

ಅತ್ತೆ ಬೀಜ, ಕಡ್ಡಿಗಳನ್ನು ಆರಿಸುತ್ತಿದ್ದಾಗ ಹುಡುಗಿ ಬೇಲಿಯಾಚೆ ಹೋಗಿದ್ದಳು. ಹಿಂದಿರುಗಿದಾಗ ಅವಳ ಕೈಯಲ್ಲಿ ಉದ್ದನೆಯ ಬಿಳಿ ಹೂವು, ಮುಳ್ಳುಕಾಯಿ ಇದ್ದ ಉಮ್ಮತ್ತಿಯ ಟೊಂಗೆ. "ಅಜ್ಜಿ, ಇದೂ ಬೇಕು. ಮಾಟಗಾತಿಯ ತೋಟಕ್ಕೆ ಇದೇ ತಕ್ಕ ಗಿಡ!"

ಅತ್ತೆಯ ಮುಖ ಬೂದಿಯಂತಾಯಿತು. ಟೊಂಗೆಯನ್ನು ಕಸಿದು ಬೇಲಿಯಾಚೆ ಎಸೆದಳು. ಹುಡುಗಿಯನ್ನು ಹಿಡಿದೆಳೆದು ತಂದು ಅವಳ ಕೈಯನ್ನು ತಾನೇ ಎರಡು ಸಲ ತೊಳೆದಳು. "ಇದನ್ನ ಮನ್ಯಾಗ ಹಚ್ಚಬ್ಯಾಡ ಯವ್ವಾ. ಆ ಮಾತೂ ಆಡಬ್ಯಾಡ."

ನನಗೂ ಆ ಕಥೆ ಪೂರ್ತಿಯಾಗಿ ತಿಳಿದದ್ದು ಅಂದೇ. ಮದುವೆಯಾಗಿ ಹೋದ ಹಳ್ಳಿಯಲ್ಲಿ ಅತ್ತೆ ಚಿಕ್ಕ ವಯಸ್ಸಿನಲ್ಲಿಯೇ ವಿಧವೆಯಾದಳು. ಶಿವಪೂಜೆಗೆಂದು ಹಿತ್ತಲಲ್ಲಿ ಉಮ್ಮತ್ತಿ ಬೆಳೆಸಿದ್ದಳು. ಕೆಮ್ಮು ನೆಗಡಿಗೆ ಸೊಪ್ಪು ಬೇರು ಕೊಡುತ್ತಿದ್ದಳು. ಒಂದು ಮಳೆಗಾಲದಲ್ಲಿ ನೆರೆಮನೆಯ ಹುಡುಗನಿಗೆ ಜ್ವರವೇರಿ ಸೆಳವು ಬಂದಿತು. ಯಾರೋ ಬಾನಾಮತಿ ಎಂದರು. ಈ ಸೀಮೆಯಲ್ಲಿ ಆ ಶಬ್ದವೊಂದು ಬಾಯಿಂದ ಹೊರಟರೆ ಸಾಕು, ಬೊಟ್ಟು ತೋರಿಸಲು ಒಬ್ಬ ಹೆಂಗಸು ಬೇಕಾಗುತ್ತದೆ. ಸಂಜೆಯ ವೇಳೆಗೆ ಏಳೆಂಟು ಜನ ಹಿತ್ತಲಿಗೆ ನುಗ್ಗಿ ಗಿಡಗಳನ್ನೆಲ್ಲ ತುಳಿದರು. ಮಂತ್ರ ಉಚ್ಚರಿಸದಂತೆ ಹಲ್ಲು ಕೀಳಬೇಕೆಂಬ ಮಾತು ಅವರಲ್ಲಿ ನಡೆಯಿತು. ಅದು ಬಾಯಿಮಾತಿನ ಬೆದರಿಕೆಯಲ್ಲ. ತೆಲಂಗಾಣದ ಕಡೆ ಹಾಗೆ ಹಲ್ಲು ಕಳೆದುಕೊಂಡವರಿದ್ದಾರೆ. ರಾತ್ರಿಯೇ ಅತ್ತೆ ಉಟ್ಟ ಸೀರೆಯಲ್ಲಿ ತವರಿಗೆ ನಡೆದು ಬಂದಳು. ಹುಡುಗನನ್ನು ಕಲಬುರಗಿಯ ಆಸ್ಪತ್ರೆಗೆ ಸೇರಿಸಿದರು, ಗುಣವಾಯಿತು. ಕ್ಷಮೆ ಕೇಳಲು ಯಾರೂ ಬರಲಿಲ್ಲ.

ಅಮಾನುಷ ಆಚರಣೆ ಮತ್ತು ಮಾಟಮಂತ್ರಗಳನ್ನು ತಡೆಯುವ ಕಾಯಿದೆ ಕರ್ನಾಟಕದಲ್ಲಿ ಆದದ್ದು 2017ರಲ್ಲಿ, ಜಾರಿಗೆ ಬಂದದ್ದು 2020ರಲ್ಲಿ. ಅತ್ತೆಯ ಪಾಲಿಗೆ ಅದು ಬಹಳ ತಡವಾಗಿ ಬಂದಿತು.

ಮರಳುವಾಗ ಬಸ್ಸಿನಲ್ಲಿ ಹುಡುಗಿ ಬಹಳ ಹೊತ್ತು ಮಾತನಾಡಲಿಲ್ಲ. ಉಮ್ಮತ್ತಿಯ ವಿಷಯ ನಾನೇ ತೆಗೆದೆ. ಅದರಲ್ಲಿರುವ ಆಟ್ರೋಪಿನ್, ಸ್ಕೊಪಾಲಮಿನ್ ವಿಷಗಳೇ ಯೂರೋಪಿನ ಮಾಟಗಾತಿಯರ ಕಥೆಗಳಲ್ಲಿ ಬರುವ ಬೆಲ್ಲಡೋನ, ಹೆನ್‌ಬೇನ್ ಗಿಡಗಳಲ್ಲಿಯೂ ಇವೆ. ಬುದ್ಧಿ ಭ್ರಮಿಸುತ್ತದೆ, ಪ್ರಾಣವೂ ಹೋಗಬಹುದು. ಕಣಗಿಲೆ ಶಿವನಿಗೆ ಪ್ರಿಯವಾದರೂ ಅದರ ಎಲೆ, ಹೂವು, ಕಾಂಡ ಎಲ್ಲವೂ ಹೃದಯಕ್ಕೆ ವಿಷ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ನಾಲ್ಕು ವರ್ಷದ ನನ್ನ ಮಗ ಕಂಡದ್ದನ್ನೆಲ್ಲ ಬಾಯಿಗಿಡುವವನು. ಇವು ಮೂರೂ ಗುಡಿಯ ಅಂಗಳದಲ್ಲಿರಲಿ, ನಮ್ಮ ಮಾಳಿಗೆಗೆ ಬೇಡವೆಂದೆ. ಅವಳು ತಲೆಯಾಡಿಸಿದಳು.

"ಆ ಊರು ಎಲ್ಲಿದೆ?" ಎಂದು ಕೇಳಿದಳು. ಹೇಳಲಿಲ್ಲ.

ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಗಿಡಗಳು ಈಗ ಮಾಳಿಗೆಯ ಮೇಲಿವೆ. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಹಳೆಯ ಸಗಣಿಗೊಬ್ಬರ, ಎರೆಮಣ್ಣಿಗೆ ಪ್ರವೇಶವಿಲ್ಲ. ತುಳಸಿಯನ್ನು ಬೆಳಗಿನ ಬಿಸಿಲು ಬೀಳುವಲ್ಲಿ ಇಟ್ಟಿದ್ದೇವೆ. ಲೋಳೆಸರಕ್ಕೆ ನಾನು ಅಕ್ಕರೆಯಿಂದ ದಿನವೂ ನೀರೆರೆದು ಒಂದು ಸಸಿಯನ್ನು ಕೊಳೆಯಿಸಿದೆ. ಅಂದಿನಿಂದ ಆ ಅಧಿಕಾರ ನನ್ನದಲ್ಲ. ದೊಡ್ಡಪತ್ರೆಯ ಗೇಣುದ್ದದ ಕಡ್ಡಿ ಬಾಗಿಲ ಮರೆಯ ನೆರಳಿನಲ್ಲಿ ಬೇರೊಡೆದಿದೆ. ಮೃಗಶಿರದ ಮೊದಲ ಮಳೆಗೆ ಕಾಮಕಸ್ತೂರಿಯ ಬೀಜ ಹಾಕಿದೆವು. ದವನದ ಬೀಜ ಸಣ್ಣ ಡಬ್ಬಿಯೊಂದರಲ್ಲಿದೆ, ದೀಪಾವಳಿಗಾಗಿ ಕಾಯುತ್ತ.

ಹುಡುಗಿ ತನ್ನ ಪಟ್ಟಿಯ ಹಿಂಬದಿಯಲ್ಲಿ ಈ ಐದು ಹೆಸರುಗಳನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿದ್ದಾಳೆ. ಮೊನ್ನೆ ಪಕ್ಕದ ಮನೆಯಾಕೆ ಮಗುವಿನ ನೆಗಡಿಗೆಂದು ದೊಡ್ಡಪತ್ರೆಯ ಎಲೆ ಕೇಳಿಕೊಂಡು ಬಂದರು. ನಾಲ್ಕೇ ಎಲೆ ಬಂದಿದ್ದವು. ಎರಡನ್ನು ಕಿತ್ತು ಕೊಟ್ಟಳು.